ಲಿನಕ್ಸ್‌ನಲ್ಲಿ ಗೇಮ್ ಓಪನ್ ಆಗದಿದ್ದರೆ ಮೊದಲು ಡಿಸ್ಕ್ ನೋಡಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕಲು ಬರದ ಕಂಪ್ಯೂಟರ್ ಇಟ್ಟುಕೊಂಡು ಲಿನಕ್ಸ್‌ಗೆ ಬರುವವರು ಮೊದಲು ಕೇಳುವುದೇ "ನನ್ನ ಗೇಮ್‌ಗಳು ಓಡುತ್ತವಾ?" ಅಂತ.

ಒಬ್ಬರೇ ಕೂತು ಆಡುವ ಗೇಮ್‌ಗಳಲ್ಲಿ ಬಹುಪಾಲು ಓಡುತ್ತವೆ. ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸಲು 1993ರಲ್ಲಿ ಶುರುವಾದ ವೈನ್ ಅನ್ನು ಆಧಾರವಾಗಿಟ್ಟುಕೊಂಡು ವಾಲ್ವ್ ಕಂಪನಿ 2018ರಲ್ಲಿ ವಿಂಡೋಸ್ ಗೇಮ್‌ಗಳಿಗಾಗಿ ಪ್ರೋಟಾನ್ ಕೊಟ್ಟಿತು. ಅದು ವಾಲ್ವ್‌ನ ಗೇಮ್ ಅಂಗಡಿಯಾದ ಸ್ಟೀಮ್ ಒಳಗೇ ಇದೆ. ಆದರೂ ಗೇಮ್ ಓಪನ್ ಆಗಲಿಲ್ಲ ಅಂದಕೂಡಲೇ ಎಲ್ಲರೂ ಪ್ರೋಟಾನ್ ವರ್ಷನ್ ಬದಲಿಸುತ್ತಾ ಕೂರುತ್ತಾರೆ. ತಪ್ಪು ಎಷ್ಟೋ ಸಲ ಅಲ್ಲಿರುವುದೇ ಇಲ್ಲ.

ವಿಂಡೋಸ್‌ನ ಡಿ ಡ್ರೈವ್‌ನಲ್ಲಿ ಗೇಮ್ ಇದೆ, ಮತ್ತೆ 80 ಜಿಬಿ ಡೌನ್‌ಲೋಡ್ ಯಾಕೆ ಅಂತ ಅದೇ ಎನ್‌ಟಿಎಫ್‌ಎಸ್ (ವಿಂಡೋಸ್‌ನ ಫೈಲ್ ವ್ಯವಸ್ಥೆ) ಡಿಸ್ಕನ್ನು ಸ್ಟೀಮ್‌ಗೆ ತೋರಿಸುತ್ತೀರಿ. ಪ್ಲೇ ಒತ್ತಿದರೆ ಬಟನ್ ಸ್ಟಾಪ್ ಅಂತಾಗಿ, ಕೆಲವೇ ಸೆಕೆಂಡಿನಲ್ಲಿ ಮತ್ತೆ ಪ್ಲೇ ಆಗುತ್ತದೆ. ಕಿಟಕಿಯೂ ಇಲ್ಲ, ಎರರ್ ಕೂಡ ಇಲ್ಲ. ಪ್ರೋಟಾನ್ ಪ್ರತಿ ಗೇಮ್‌ಗೂ 'ಕಂಪ್ಯಾಟ್‌ಡೇಟಾ' ಫೋಲ್ಡರ್‌ನಲ್ಲಿ ಒಂದೊಂದು ನಕಲಿ ಸಿ ಡ್ರೈವ್ ಕಟ್ಟುತ್ತದೆ. ಅದರೊಳಗೆ 'ಸಿ:', 'ಝಡ್:' ಎಂಬ ಹೆಸರಿನ ಲಿಂಕ್‌ಗಳಿರುತ್ತವೆ. ಫೈಲ್ ಹೆಸರಿನಲ್ಲಿ ಆ ಎರಡು ಚುಕ್ಕಿ ಬರುವುದನ್ನು ವಿಂಡೋಸ್ ಒಪ್ಪುವುದಿಲ್ಲ. ಲಿನಕ್ಸ್ ಡಿಸ್ಕನ್ನು ಜೋಡಿಸಿಕೊಳ್ಳುವಾಗಲೇ (ಮೌಂಟ್) ಅಂಥ ಹೆಸರಿಗೆ ತಡೆ ಇದ್ದರೆ ಲಿಂಕ್ ಹುಟ್ಟುವುದೇ ಇಲ್ಲ. ಹುಟ್ಟಿದರೆ ಮುಂದೆ ವಿಂಡೋಸ್ ಡಿಸ್ಕ್ ಪರೀಕ್ಷಿಸುವಾಗ ತಕರಾರು ತೆಗೆಯುತ್ತದೆ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ (ಬೇಗ ಶುರುವಾಗಲೆಂದು ಪೂರ್ತಿ ಆಫ್ ಆಗದಿರುವ ವ್ಯವಸ್ಥೆ) ಆನ್ ಇದ್ದರಂತೂ ಡಿಸ್ಕ್‌ಗೆ ಬರೆಯಲಿಕ್ಕೂ ಬಿಡದೆ ಹೋಗಬಹುದು.

ಹಾಗಾಗಿ ಗೇಮ್‌ಗಳಿಗೆ ಇಎಕ್ಸ್‌ಟಿ4 (ಲಿನಕ್ಸ್‌ನ ಫೈಲ್ ವ್ಯವಸ್ಥೆ) ಪಾರ್ಟಿಷನ್ ಮಾಡಿ, ಸ್ಟೀಮ್ ಸೆಟ್ಟಿಂಗ್ಸ್‌ನ ಸ್ಟೋರೇಜ್‌ನಲ್ಲಿ ಸೇರಿಸಿ. ಹಳೆಯ ಗೇಮ್ ಫೋಲ್ಡರನ್ನು ಹೆಸರು ಬದಲಿಸದೆ 'ಸ್ಟೀಮ್‌ಆ್ಯಪ್ಸ್' ಒಳಗಿನ 'ಕಾಮನ್'ಗೆ ಕಾಪಿ ಮಾಡಿ, ಆಮೇಲೆ ಇನ್‌ಸ್ಟಾಲ್ ಒತ್ತಿ. ಇರುವ ಫೈಲ್‌ಗಳನ್ನು ಸ್ಟೀಮ್ ಪರೀಕ್ಷಿಸಿ, ಕಡಿಮೆ ಬಿದ್ದದ್ದನ್ನಷ್ಟೇ ಇಳಿಸಿಕೊಳ್ಳುತ್ತದೆ.

ನೋಡಬೇಕಾದ ಎರಡನೆಯದು ವಲ್ಕನ್, ಅಂದರೆ ಗ್ರಾಫಿಕ್ಸ್ ಕಾರ್ಡ್‌ಗೆ ಕೆಲಸ ಹೇಳುವ ಭಾಷೆ. ಗೇಮ್ ವಿಂಡೋಸ್‌ನ ಭಾಷೆಯಾದ ಡೈರೆಕ್ಟ್‌ಎಕ್ಸ್‌ನಲ್ಲಿ ಕೇಳಿದ್ದನ್ನು ಪ್ರೋಟಾನ್ ಒಳಗಿನ ಡಿಎಕ್ಸ್‌ವಿಕೆ ವಲ್ಕನ್‌ಗೆ ತಿರುಗಿಸುತ್ತದೆ (ಡೈರೆಕ್ಟ್‌ಎಕ್ಸ್ 12 ಆದರೆ ವಿಕೆಡಿ3ಡಿ). ಟರ್ಮಿನಲ್‌ನಲ್ಲಿ ವಲ್ಕನ್‌ಇನ್ಫೋ (vulkaninfo) ಓಡಿಸಿ ನೋಡಿ. ಅಲ್ಲಿ 'ಎಲ್‌ಎಲ್‌ವಿಎಂಪೈಪ್' ಒಂದೇ ಕಂಡರೆ ಗ್ರಾಫಿಕ್ಸ್ ಕಾರ್ಡ್ ಸುಮ್ಮನೆ ಕೂತಿದೆ, ಚಿತ್ರವನ್ನೆಲ್ಲ ಪ್ರೊಸೆಸರ್ ಬಿಡಿಸುತ್ತಿದೆ ಅಂತ ಅರ್ಥ. ಹಳೆಯ 32 ಬಿಟ್ ಗೇಮ್‌ಗಳಿಗೆ 32 ಬಿಟ್ ವಲ್ಕನ್ ಡ್ರೈವರ್ ಕೂಡ ಬೇಕು. ಹೊಸ ಗೇಮ್ ಓಡಿ ಹಳೆಯದು ಓಡದಿದ್ದರೆ ಮೊದಲು ಇದನ್ನೇ ನೋಡಿ. ಪ್ರೋಟಾನ್ 8ರಿಂದ ಮುಂದಕ್ಕೆ ವಲ್ಕನ್ 1.3 ಬೇಕು. ಎನ್‌ವಿಡಿಯಾದ ಹಳೆಯ ಕೆಪ್ಲರ್ ಪೀಳಿಗೆಯ ಕಾರ್ಡ್‌ಗಳಿಗೆ ಕಂಪನಿಯ 470ನೇ ವರ್ಷನ್‌ನ ಆಚೆ ಡ್ರೈವರ್ ಇಲ್ಲ, ಅದು 1.3 ಮುಟ್ಟುವುದಿಲ್ಲ. ಅಂಥವರು ಗೇಮ್‌ನ ಪ್ರಾಪರ್ಟೀಸ್‌ನಲ್ಲಿ ಕಂಪ್ಯಾಟಿಬಿಲಿಟಿಗೆ ಹೋಗಿ ಪ್ರೋಟಾನ್ 7 ಆರಿಸಿಕೊಳ್ಳಿ. ವರ್ಷನ್ ಬದಲಿಸಬೇಕಾದದ್ದು ಇಂಥ ಕಡೆ.

ಉಬುಂಟುನಲ್ಲಿ ಸ್ಟೀಮ್‌ನ ಸ್ನ್ಯಾಪ್ ಪ್ಯಾಕೇಜ್ ಬೇಡ, ಸ್ಟೀಮ್ ಸೈಟ್‌ನ ಡೆಬ್ ಫೈಲ್ ಹಾಕಿ.

ವ್ಯಾಲೊರೆಂಟ್ ಆಡುವವರಿಗೆ ಮಾತ್ರ ನೇರವಾಗಿ ಹೇಳಬೇಕು: ಅದರ ಆ್ಯಂಟಿಚೀಟ್ (ಮೋಸದಾಟ ತಡೆಯುವ ಸಾಫ್ಟ್‌ವೇರ್) ವಿಂಡೋಸ್‌ನ ಒಳತಿರುಳಾದ ಕರ್ನಲ್‌ನಲ್ಲಿ ಕೂರುತ್ತದೆ, ಲಿನಕ್ಸ್‌ನಲ್ಲಿ ಓಡುವುದಿಲ್ಲ. ಈಸಿ ಆ್ಯಂಟಿಚೀಟ್, ಬ್ಯಾಟಲ್‌ಐ ಎರಡೂ ಪ್ರೋಟಾನ್ ಜೊತೆ ಕೆಲಸ ಮಾಡಬಲ್ಲವು, ಆದರೆ ಗೇಮ್ ಮಾಡಿದವರು ಅನುಮತಿ ಕೊಟ್ಟಿರಬೇಕು. ಏಪೆಕ್ಸ್ ಲೆಜೆಂಡ್ಸ್ ಚೆನ್ನಾಗಿಯೇ ಓಡುತ್ತಿತ್ತು, 2024ರ ಕೊನೆಗೆ ಅದನ್ನು ಮಾಡಿದವರೇ ಲಿನಕ್ಸ್ ಬಾಗಿಲು ಮುಚ್ಚಿದರು. ಇದಕ್ಕೆ ನಿಮ್ಮ ಕಡೆಯಿಂದ ಯಾವ ಸೆಟ್ಟಿಂಗೂ ಇಲ್ಲ. ದಿನಾ ಆಡುವುದು ಇಂಥ ಗೇಮ್ ಆದರೆ ವಿಂಡೋಸ್ ತೆಗೆಯಬೇಡಿ.

ಏನೂ ಸರಿಹೋಗದಿದ್ದಾಗ ಆ ಗೇಮ್‌ನ ಕಂಪ್ಯಾಟ್‌ಡೇಟಾ ಫೋಲ್ಡರ್ ಅಳಿಸಿ ಅಂತ ಯಾರಾದರೂ ಹೇಳುತ್ತಾರೆ. ಅಳಿಸಬಹುದು, ಮತ್ತೆ ಹುಟ್ಟುತ್ತದೆ. ಆದರೆ ಕ್ಲೌಡ್ ಸೇವ್ ಇಲ್ಲದ ಗೇಮ್‌ನ ಸೇವ್ ಫೈಲ್‌ಗಳು ಸಾಮಾನ್ಯವಾಗಿ ಅದರೊಳಗಿನ 'ಸ್ಟೀಮ್‌ಯೂಸರ್' ಫೋಲ್ಡರ್‌ನಲ್ಲೇ ಇರುತ್ತವೆ. ಅದನ್ನು ಬೇರೆ ಕಡೆ ಕಾಪಿ ಮಾಡಿಟ್ಟುಕೊಂಡೇ ಡಿಲೀಟ್ ಒತ್ತಿ.