ಹೊಟ್ಟೆ ಬಂದ ಹಲಗೆ

ಒಂದು ಚಪ್ಪಲಿ ಸ್ಟ್ಯಾಂಡ್ ಮಾಡಿಕೊಡಿ ಅಂತ ಆಚಾರ್ರಿಗೆ ಮೂರು ಸಲ ಫೋನ್ ಮಾಡಿದ್ದೆ. ಮೂರು ಸಲವೂ ‘ನಾಳೆ ಬರ್ತೀನಿ ಸಾರ್’ ಅಂದರು. ನಾಲ್ಕನೇ ಸಲ ಫೋನ್ ಮಾಡುವ ಬದಲು ಟ್ರ್ಯಾಕ್ ಸಾ ತರಿಸಿಬಿಟ್ಟೆ. ಆಚಾರ್ರು ಕೇಳಿದ್ದ ಕೂಲಿಗೆ ಅದರ ಬೆಲೆ ಎಷ್ಟು ಪಟ್ಟು ಅಂತ ಮನೆಯಲ್ಲಿ ಇನ್ನೂ ಬಾಯಿ ಬಿಟ್ಟಿಲ್ಲ. ಇಲ್ಲೂ ಬಿಡುವುದಿಲ್ಲ.

ಇದು ಹಳಿ ಮೇಲೆ ಓಡುವ ಗರಗಸ. ಅಲ್ಯೂಮಿನಿಯಂ ಹಳಿಯನ್ನು ಪ್ಲೈವುಡ್ ಮೇಲೆ ಇಟ್ಟು, ಮೆಷಿನ್ ಕೂರಿಸಿ ತಳ್ಳಿದರೆ ರೈಲು ಹೋದಂತೆ ನೆಟ್ಟಗೆ ಹೋಗುತ್ತದೆ. ವಿಡಿಯೋದಲ್ಲಿ.

ಹಳಿಯ ಅಂಚಿಗೆ ಒಂದು ಕರಿ ರಬ್ಬರ್ ಪಟ್ಟಿ ಅಂಟಿಸಿರುತ್ತಾರೆ. ಹೊಸದರಲ್ಲಿ ಅದು ಸ್ವಲ್ಪ ಆಚೆ ಚಾಚಿಕೊಂಡಿರುತ್ತದೆ. ಮೊದಲ ಸಲ ಓಡಿಸಿದಾಗ ಬ್ಲೇಡೇ ಅದನ್ನು ತನ್ನ ಅಳತೆಗೆ ಕತ್ತರಿಸಿಕೊಳ್ಳುತ್ತದೆ. ಆಮೇಲೆ ಪಟ್ಟಿಯ ಅಂಚು ಎಲ್ಲಿದೆಯೋ ಅಲ್ಲೇ ಕಟ್. ಪೆನ್ಸಿಲ್ ಗೆರೆಗೆ ತಾಗಿಸಿಟ್ಟರೆ ಸಾಕು. ಎಂಥ ತಲೆ ಅಲ್ವಾ? ಡಬ್ಬಿ ಬಿಚ್ಚಿದ ಹತ್ತೇ ನಿಮಿಷಕ್ಕೆ ನಾನು ಪಟ್ಟಿ ಕತ್ತರಿಸಿ ಮುಗಿಸಿದ್ದೆ.

ಮೆಷಿನ್ ಹಳಿ ಮೇಲೆ ಲೊಡಲೊಡ ಅಲ್ಲಾಡುತ್ತಿದೆ ಅಂತ ಗೊತ್ತಾಗಿದ್ದು ಆಮೇಲೆ. ತಳದಲ್ಲಿ ಎರಡು ತಿರುಪು ಇವೆ, ತಿರುಗಿಸಿ ಅಲ್ಲಾಟ ತೆಗೆಯಬೇಕು. ತೆಗೆದೆ. ಬ್ಲೇಡು ಪಟ್ಟಿಯಿಂದ ಅರ್ಧ ಮಿಲಿಮೀಟರ್ ದೂರ ಹೋಯಿತು. ಮೂಲೆಮಟ್ಟ ಹಿಡಿದು ನೋಡಿದರೆ ಬ್ಲೇಡು ನೇರ ನಿಂತೂ ಇರಲಿಲ್ಲ. ಬ್ಲೇಡಿನ ಓರೆ ತೋರಿಸುವ ಸ್ಕೇಲಿನಲ್ಲಿ ಸೊನ್ನೆ ಅಂತ ಬರೆದಲ್ಲಿ ಸೊನ್ನೆ ಇರಲಿಲ್ಲ. ಮಾಡಬೇಕಿದ್ದದ್ದು ಮೊದಲು ಅಲ್ಲಾಟ, ಆಮೇಲೆ ಬ್ಲೇಡಿನ 90 ಡಿಗ್ರಿ, ಪಟ್ಟಿ ಕಟ್ಟಕಡೆಗೆ. ನಾನು ಮಾಡಿದ್ದು ತಾಳಿ ಕಟ್ಟಿ ಜಾತಕ ತೆಗೆದ ಹಾಗೆ. ಹೊಸ ಪಟ್ಟಿಗೆ ಮತ್ತೆ ದುಡ್ಡು.

ಟೆರೇಸ್ ಕಥೆಯನ್ನು ಬಿಡುವ ಹಾಗಿಲ್ಲ. ಬ್ಲೇಡು ನೆಲಕ್ಕೆ ತಾಗದಿರಲಿ ಅಂತ ಫ್ರಿಜ್ ಜೊತೆ ಬಂದಿದ್ದ ಥರ್ಮಾಕೋಲನ್ನು ಪ್ಲೈವುಡ್ ಅಡಿಗೆ ಹಾಸಿದ್ದೆ. ಹಲಗೆಯ ದಪ್ಪ ದಾಟಿ ಬ್ಲೇಡು ಒಂದೈದು ಮಿಲಿಮೀಟರ್ ಇಳಿದರೆ ಸಾಕಿತ್ತು. ನಾನು ಪೂರ್ತಿ ಇಳಿಸಿದ್ದೆ. ಥರ್ಮಾಕೋಲ್ ಪುಡಿಪುಡಿಯಾಗಿ ಹಾರಿತು. ಆ ಕಡೆ ಹಳೇ ಸೀರೆ ಮೇಲೆ ನನ್ನ ಹೆಂಡತಿ ಬೆಳಗ್ಗೆ ತಾನೇ ಸಬ್ಬಕ್ಕಿ ಸಂಡಿಗೆ ಹಾಕಿದ್ದಳು. ಬಿಳಿ ಕಾಳು, ಬಿಳಿ ಕಾಳು. ಎರಡೂ ಅಂಟಿಕೊಂಡು ಕೂತಿವೆ. “ಎಣ್ಣೆಗೆ ಹಾಕಿದಾಗ ಅರಳಿದ್ದು ಸಬ್ಬಕ್ಕಿ, ಕರಗಿದ್ದು ನಿಮ್ಮದು. ನೀವೇ ತಿಂದು ನೋಡಿ ಹೇಳಿ” ಅಂದಳು. ಅಷ್ಟೂ ಸಂಡಿಗೆ ಕಸದ ಬುಟ್ಟಿಗೆ ಹೋಯಿತು.

ಅಷ್ಟರಲ್ಲಿ, ಕರೆಯದೆ, ಆಚಾರ್ರು ಬಂದರು. ಮೆಷಿನ್ ಕಡೆ ಕಣ್ಣೂ ಹಾಯಿಸಲಿಲ್ಲ. ಕೊಯ್ದ ಹಲಗೆ ಎತ್ತಿ, ಒಂದು ಕಣ್ಣು ಮುಚ್ಚಿ, ಅಂಚಿನುದ್ದಕ್ಕೂ ನೋಡಿದರು.

“ಹೊಟ್ಟೆ ಬಂದಿದೆ ಸಾರ್.”

ನಾನು ಉಸಿರು ಒಳಗೆಳೆದು ನಿಂತೆ.

“ನಿಮಗಲ್ಲ ಸಾರ್, ಹಲಗೆಗೆ. ಅರ್ಧ ನೂಲು.”

ನೂಲು ಅಂದರೆ ಇಂಚಿನಲ್ಲಿ ಎಂಟನೇ ಒಂದು ಭಾಗ. ಅದರಲ್ಲಿ ಅರ್ಧ! ನಂಬಲಿಲ್ಲ. ಅವರು ಅಂಥದ್ದೇ ಇನ್ನೊಂದು ಹಲಗೆ ತಂದು ಕೊಯ್ದ ಅಂಚಿಗೆ ಅಂಚು ತಾಗಿಸಿದರು. ನಡುವೆ ಮುಟ್ಟಿತು, ಎರಡು ತುದಿಯಲ್ಲೂ ಬೆಳಕು ಕಂಡಿತು. ಹೀಗೆ ಇಟ್ಟರೆ ತಪ್ಪು ಎರಡರಷ್ಟಾಗಿ ಕಾಣುತ್ತದೆ. ನನ್ನಂಥವನಿಗೂ.

ಎಂಟಡಿ ಹಲಗೆಗೆ ಒಂದು ಹಳಿ ಸಾಲದು ಅಂತ 1400 ಮಿಲಿಮೀಟರಿನ ಎರಡನ್ನು ಜೋಡಿಸಿದ್ದೆ. ತುದಿಗೆ ತುದಿ ಒತ್ತಿ ಬಿಗಿದಿದ್ದೆ. ತುದಿಗಳೇ ನೆಟ್ಟಗಿಲ್ಲದಿದ್ದರೆ ಒತ್ತಿದಷ್ಟೂ ಸೊಟ್ಟ. ಆಚಾರ್ರು ಪಕ್ಕದ ಮನೆಯ ಗಾರೆಯವರಿಂದ ಉದ್ದನೆಯ ಅಲ್ಯೂಮಿನಿಯಂ ಪಟ್ಟಿ ತಂದು ಎರಡೂ ಹಳಿಗೆ ಒರಗಿಸಿದರು. ನಡುವೆ ಕೂದಲೆಳೆಯಷ್ಟು ಸಂದು ಬಿಡಿಸಿ, ಆಮೇಲೆ ತಿರುಪು ಬಿಗಿ ಮಾಡಿಸಿದರು. ಹೊಟ್ಟೆ ಕರಗಿತು. ಹಲಗೆಯದ್ದು.

ಸ್ಟ್ಯಾಂಡ್ ಆಯ್ತು. ಕರ್ಣ ಎರಡೂ ಅಳೆದೆ, ಒಂದೇ ಸಮ. ಹೆಮ್ಮೆಯಿಂದ ವರಾಂಡದಲ್ಲಿ ಇಟ್ಟರೆ ಒಂದು ಕಾಲು ಮೇಲೆ. ವರಾಂಡದ ನೆಲವನ್ನು ನೀರು ಹರಿಯಲಿ ಅಂತ ಇಳಿಜಾರು ಮಾಡಿದ್ದಾರೆ, ಹನ್ನೆರಡು ವರ್ಷದಿಂದ ನಾನೇ ಗಮನಿಸಿಲ್ಲ. ಆಚಾರ್ರು ಸುತ್ತ ನೋಡಿ, ನಾನು ಹಾಳು ಮಾಡಿದ ಆ ರಬ್ಬರ್ ಪಟ್ಟಿಯನ್ನು ಎತ್ತಿ ಎರಡು ಮಡಿಕೆ ಮಾಡಿ ಕಾಲಿನಡಿ ತುರುಕಿದರು. ಅಲ್ಲಾಟ ನಿಂತಿತು.

“ಒಳ್ಳೇ ಪಟ್ಟಿ ಸಾರ್. ಇನ್ನೊಂದು ಇದ್ಯಾ?”