ಹೆಸರಿನ ಅರ್ಥ ಹೇಳುವ ಮೊದಲು ಅಕ್ಷರವನ್ನು ನೋಡಿ

ಮಕ್ಕಳಿಗೆ ಇಡಬಹುದಾದ ಜಪಾನೀ ಹೆಸರುಗಳ ಪಟ್ಟಿಯೊಂದು ಬೆಳಗಿನಿಂದ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತಿದೆ. ಯುಕಿ ಎಂದರೆ ಹಿಮ, ಅಕಿರ ಎಂದರೆ ಬೆಳಕು, ಹರುಕಿ ಎಂದರೆ ವಸಂತದ ಮರ ಎಂದು ಒಂದೊಂದು ಹೆಸರಿಗೆ ಒಂದೊಂದೇ ಅರ್ಥ ಕೊಟ್ಟು ಮುಗಿಸಿದ್ದಾರೆ. ಇಷ್ಟು ವರ್ಷಗಳಿಂದ ಆ ಭಾಷೆಯನ್ನು ಕಲಿಸುತ್ತಿರುವ ನನಗೆ ಇದನ್ನು ಓದಿ ಸಿಟ್ಟು ಬಂದಿದೆ, ಅದನ್ನು ಮುಚ್ಚಿಡುವುದಿಲ್ಲ.

ಜಪಾನೀ ಹೆಸರಿನ ಅರ್ಥವನ್ನು ಉಚ್ಚಾರಣೆಯೊಂದರಿಂದಲೇ ಹೇಳಲಾಗದು. ಹೆತ್ತವರು ಆರಿಸಿದ ಕಾಂಜಿಯನ್ನು, ಅಂದರೆ ಚೀನಾದಿಂದ ಬಂದ ಅಕ್ಷರವನ್ನು ನೋಡಬೇಕು. ಯುಕಿ ಎಂಬ ಹೆಸರನ್ನು ಹಿಮದ ಅಕ್ಷರದಿಂದಲೂ ಬರೆಯಬಹುದು, ಸೌಭಾಗ್ಯದ ಅಕ್ಷರದಿಂದಲೂ ಬರೆಯಬಹುದು, ‘ಕಾರಣ’ ಮತ್ತು ‘ವೃತ್ತಾಂತ’ ಎಂಬ ಅರ್ಥಗಳಿರುವ ಎರಡು ಅಕ್ಷರಗಳನ್ನು ಕೂಡಿಸಿಯೂ ಬರೆಯಬಹುದು. ಯೂಕಿ ಎಂದು ಎಳೆದರೆ ಅದು ಬೇರೆಯೇ ಹೆಸರು. ‘ಧೈರ್ಯ’ ಎಂಬ ಪದದ ಅಕ್ಷರಗಳಿಂದ ಅದನ್ನು ಬರೆಯುವವರಿದ್ದಾರೆ. ಹ್ರಸ್ವ ದೀರ್ಘಗಳನ್ನು ತಪ್ಪದೆ ಗುರುತಿಸುವ ಲಿಪಿ ನಮ್ಮದಾಗಿದ್ದರೂ ಇಂಗ್ಲಿಷ್ ಪಟ್ಟಿಯಿಂದ ನಕಲು ಮಾಡಿ ಆ ವ್ಯತ್ಯಾಸವನ್ನು ಕಳೆದುಕೊಂಡಿರುವುದು ನನಗೆ ಹೆಚ್ಚು ನೋವಿನ ಸಂಗತಿ.

ಮನೆತನದ ಹೆಸರುಗಳಿಗಾದರೂ ನಿಶ್ಚಿತ ಅರ್ಥವಿರಬೇಕಲ್ಲ ಎಂದು ಕೇಳುವವರಿದ್ದಾರೆ. ಸಾಮಾನ್ಯ ಜನರೂ ಮನೆತನದ ಹೆಸರು ಹೊಂದಿರಲೇಬೇಕೆಂದು ಜಪಾನಿನ ಮೇಜಿ ಚಕ್ರವರ್ತಿಯ ಕಾಲದ ಸರ್ಕಾರ ಕಡ್ಡಾಯಗೊಳಿಸಿದ್ದು 1875ರಲ್ಲಿ. ಹೊಲ, ಬೆಟ್ಟ, ಸೇತುವೆ, ಹೊಳೆಗಳ ಅಕ್ಷರಗಳು ಈ ಹೆಸರುಗಳಲ್ಲಿ ತುಂಬಿವೆ ಎಂಬುದು ನಿಜ. ಆದರೆ ಸುಜುಕಿ ಎಂಬುದನ್ನು ಗಂಟೆ ಮತ್ತು ಮರದ ಅಕ್ಷರಗಳಿಂದ ಬರೆಯುತ್ತಾರೆಂದ ಮಾತ್ರಕ್ಕೆ ಅದರ ಮೂಲದಲ್ಲಿ ಗಂಟೆಯಿದೆ ಎನ್ನಲಾಗದು. ಕುಮನೋ ಸೀಮೆಯಲ್ಲಿ ಕೊಯ್ದ ಭತ್ತವನ್ನು ಒಟ್ಟಿದ ಬಣವೆಗೆ ಇದ್ದ ಮಾತಿನಿಂದ ಆ ಹೆಸರು ಬಂತು, ಅಕ್ಷರಗಳನ್ನು ಧ್ವನಿಗಾಗಿ ಜೋಡಿಸಿದರು ಎಂಬುದು ಬಹುವಾಗಿ ಒಪ್ಪಿರುವ ವಿವರಣೆ. ಟೊಯೊಟ ಸಂಸ್ಥಾಪಕರ ಮನೆತನ ಟೊಯೊಡ, ಎಂದರೆ ಸಮೃದ್ಧವಾದ ಗದ್ದೆ. ಕಂಪನಿಯ ಹೆಸರನ್ನು ಟೊಯೊಟ ಎಂದು ಬದಲಿಸಿ, ಅರ್ಥವನ್ನಲ್ಲದೆ ಧ್ವನಿಯನ್ನಷ್ಟೇ ಸೂಚಿಸುವ ಕಟಕಾನಾ ಲಿಪಿಯಲ್ಲಿ ಎಂಟು ಗೆರೆಗಳಲ್ಲಿ ಬರೆಯತೊಡಗಿದಾಗ ಆ ಗದ್ದೆ ಬರಹದಿಂದಲೇ ಹೊರಟುಹೋಯಿತು. ಬಿಡದಿಯ ಕಾರ್ಖಾನೆಯಲ್ಲಿರುವ ನನ್ನ ವಿದ್ಯಾರ್ಥಿಗಳಿಗೆ ಇದನ್ನು ಹೇಳುವಾಗ ನನಗೆ ಪ್ರತಿ ಸಲವೂ ಸಂತೋಷವಾಗುತ್ತದೆ. ಅದಕ್ಕಿಂತ ಸೊಗಸಾದ ಹೆಸರು ತಕಾನಾಶಿ. ಉಚ್ಚಾರಣೆಯ ಅರ್ಥ ‘ಗಿಡುಗವಿಲ್ಲ’, ಬರೆಯುವ ಅಕ್ಷರಗಳ ಅರ್ಥ ‘ಪುಟ್ಟ ಹಕ್ಕಿಗಳು ಆಡುತ್ತಿವೆ’. ಗಿಡುಗ ಇಲ್ಲದ ಕಡೆಯಲ್ಲವೇ ಪುಟ್ಟ ಹಕ್ಕಿಗಳು ನಿಶ್ಚಿಂತೆಯಿಂದ ಆಡುವುದು! ಇಂಥ ಹೆಸರನ್ನು ಅಕ್ಷರ ನೋಡದೆ ವಿವರಿಸಲು ಸಾಧ್ಯವೇ ಇಲ್ಲ.

ಕೇಳಲು ಇಂಪಾದ ಹೆಸರಿಗೆ ಇಷ್ಟೊಂದು ತಕರಾರೇಕೆ ಎಂದು ಸ್ನೇಹಿತರೊಬ್ಬರು ಬರೆದಿದ್ದಾರೆ. ಇಂಪಿಗಾಗಿ ಇಡುವುದಾದರೆ ನನ್ನ ಆಕ್ಷೇಪವಿಲ್ಲ. ಇಲ್ಲದ ಖಚಿತತೆಯನ್ನು ತೋರಿಸಿ ಅರ್ಥ ಹಚ್ಚುವುದಕ್ಕೆ ಇದೆ. 2019ರ ಏಪ್ರಿಲ್‌ನಲ್ಲಿ ರೇವಾ ಎಂಬ ಹೊಸ ಯುಗನಾಮ, ಅಂದರೆ ಹೊಸ ಚಕ್ರವರ್ತಿಯ ಆಳ್ವಿಕೆಯ ಕಾಲಕ್ಕೆ ಇಡುವ ಹೆಸರು, ಪ್ರಕಟವಾದಾಗ, ಕೆಲವು ವಿದೇಶೀ ವರದಿಗಳು ಅದರ ಮೊದಲ ಅಕ್ಷರಕ್ಕೆ ‘ಆಜ್ಞೆ’ ಎಂಬ ಅರ್ಥ ಹಿಡಿದವು. ‘ಸುಂದರವಾದ ಸಾಮರಸ್ಯ’ ಎಂಬುದು ಉದ್ದೇಶಿತ ಅರ್ಥವೆಂದು ಜಪಾನಿನ ವಿದೇಶಾಂಗ ಸಚಿವಾಲಯವೇ ವಿವರಿಸಬೇಕಾಯಿತು. ಅಕ್ಷರ ಕಣ್ಣ ಮುಂದಿದ್ದಾಗಲೂ ಅದರ ಹಲವು ಅರ್ಥಗಳಲ್ಲಿ ಯಾವುದು ಸಲ್ಲುತ್ತದೆಂದು ತಿಳಿಯಬೇಕಾಗಿರುವಾಗ, ಅಕ್ಷರವೇ ಇಲ್ಲದ ಪಟ್ಟಿಯನ್ನು ಹೇಗೆ ನಂಬುವುದು?

ಜಪಾನೀಯರೇ ಹೊಸಬರ ಹೆಸರು ಕೇಳಿದಾಗ ಯಾವ ಕಾಂಜಿ ಎಂದು ವಿಚಾರಿಸುತ್ತಾರೆ. ಬರೆದದ್ದನ್ನು ಕಂಡಾಗ ಹೇಗೆ ಓದಬೇಕೆಂದೂ ವಿಚಾರಿಸುತ್ತಾರೆ, ಏಕೆಂದರೆ ಒಂದೇ ಬರಹಕ್ಕೆ ಹಲವು ಓದುಗಳಿರಬಹುದು. ಅಲ್ಲಿನ ಕುಟುಂಬ ನೋಂದಣಿಯಲ್ಲಿ ಹೆಸರಿನ ಓದನ್ನೂ ದಾಖಲಿಸಬೇಕೆಂಬ ನಿಯಮ ಜಾರಿಗೆ ಬಂದದ್ದೇ 2025ರ ಮೇ 26ರಂದು.

ಆ ಪಟ್ಟಿಯನ್ನು ಸಿದ್ಧಪಡಿಸಿದವರಲ್ಲಿ ನನ್ನ ಕೋರಿಕೆ ಇಷ್ಟೇ: ಪ್ರತಿ ಹೆಸರಿನ ಪಕ್ಕದಲ್ಲಿ ಯಾವ ಕಾಂಜಿಯೆಂದು ಬರೆಯಿರಿ, ಅದು ಗೊತ್ತಿಲ್ಲದಿದ್ದರೆ ಅರ್ಥದ ಸಾಲನ್ನು ಅಳಿಸಿ, ಹೆಸರುಗಳನ್ನು ಮಾತ್ರ ಉಳಿಸಿ.