ವೈನ್ ಭರಣಿ ಮನೆಯಲ್ಲಿರಲಿ, ಬ್ರಾಂಡಿಯ ಭಟ್ಟಿ ತಾಲ್ಲೂಕಿನಲ್ಲಿರಲಿ

ಕಳೆದ ಕ್ರಿಸ್‌ಮಸ್ ಮುಗಿದ ವಾರ ಅಕ್ಕನ ಮಗ ಒಂದು ಪ್ರೆಷರ್ ಕುಕ್ಕರ್ ಮತ್ತು ಸುರುಳಿ ಸುತ್ತಿದ ತಾಮ್ರದ ಕೊಳವೆಯನ್ನು ಹಿಡಿದುಕೊಂಡು ಫ್ರೇಜರ್ ಟೌನಿನ ನಮ್ಮ ಮನೆಗೆ ಬಂದಿದ್ದ. "ಮಾಮ, ಅಜ್ಜಿ ಮಾಡಿದ ವೈನ್ ಇನ್ನೂ ನಾಲ್ಕು ಲೀಟರ್ ಉಳಿದಿದೆಯಲ್ಲ, ಬ್ರಾಂಡಿ ಇಳಿಸೋಣ. ವಿಡಿಯೊ ನೋಡಿ ಎಲ್ಲ ಕಲಿತಿದ್ದೇನೆ" ಎಂದ. ನಾನು ಬೇಡವೆಂದೆ. "ವೈನ್ ಮಾಡಬಹುದಾದರೆ ಬ್ರಾಂಡಿ ಯಾಕೆ ಬೇಡ?" ಎಂದು ಅವನು ಕೇಳಿದ್ದಕ್ಕೆ ಅಂದು ನನ್ನ ಬಳಿ ಸರಿಯಾದ ಉತ್ತರವಿರಲಿಲ್ಲ. ಅವನ ಪ್ರಶ್ನೆ ನ್ಯಾಯವಾದದ್ದು, ಆದ್ದರಿಂದ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಅಮ್ಮ ಪ್ರತಿ ವರ್ಷ ಅಕ್ಟೋಬರ್ ಕೊನೆಗೆ ರಸೆಲ್ ಮಾರ್ಕೆಟ್ಟಿನಿಂದ ಬೆಂಗಳೂರು ನೀಲಿ ದ್ರಾಕ್ಷಿ ತರಿಸುತ್ತಾರೆ. ತೊಳೆದು, ಹಳೆಯ ಪಂಚೆಯ ಮೇಲೆ ಹರವಿ, ನೀರು ಪೂರ್ತಿ ಆರಿದ ಮೇಲೆ ಕೈಯಿಂದಲೇ ಹಿಸುಕುತ್ತಾರೆ. ಈ ತಳಿಯ ದ್ರಾಕ್ಷಿಯನ್ನು ಬೆರಳಲ್ಲಿ ಒತ್ತಿದರೆ ಸಿಪ್ಪೆ ಒಂದು ಕಡೆ ಜಾರುತ್ತದೆ, ಒಳಗಿನ ತಿರುಳು ಲೋಳೆಯಂತೆ ಗುಂಡಗೆ ಉಳಿಯುತ್ತದೆ. ಹಿಸುಕುವವರ ಉಗುರಿನ ನೇರಳೆ ಬಣ್ಣ ವಾರವಾದರೂ ಹೋಗುವುದಿಲ್ಲ. ಸಕ್ಕರೆ, ಒಂದು ಹಿಡಿ ಗೋಧಿ, ಸ್ವಲ್ಪ ಚಕ್ಕೆ, ಯೀಸ್ಟ್ ಸೇರಿಸಿ ಭರಣಿಯ ಬಾಯಿಗೆ ಬಿಳಿ ಬಟ್ಟೆ ಕಟ್ಟುತ್ತಾರೆ. ಮೂರನೆಯ ದಿನ ಭರಣಿಗೆ ಕಿವಿಯಿಟ್ಟರೆ ಒಳಗೆ ಸಣ್ಣಗೆ ಚಿಟಚಿಟ ಎನ್ನುವ ಸದ್ದು ಕೇಳುತ್ತದೆ. ಅಷ್ಟರಲ್ಲಿ ಏನಾದರೂ ಕೆಟ್ಟರೆ, ಅದು ಹೆಚ್ಚೆಂದರೆ ಹುಳಿಯಾಗಿ ವಿನೆಗರ್ ಆಗುತ್ತದೆ. ಯಾರ ಪ್ರಾಣಕ್ಕೂ ಸಂಚಕಾರವಿಲ್ಲ.

ಭಟ್ಟಿಯ ಸ್ವಭಾವವೇ ಬೇರೆ. ಹುದುಗಿದ ರಸವನ್ನು ಕಾಯಿಸಿದಾಗ ಮೇಲೇಳುವ ಹಬೆ ಬೆಂಕಿ ತಾಗಿದರೆ ಭಗ್ಗನೆ ಹತ್ತಿಕೊಳ್ಳುವಂಥದ್ದು, ಮತ್ತು ನಮ್ಮ ಅಡುಗೆಮನೆಗಳಲ್ಲಿ ಅದರ ಕೆಳಗೇ ಗ್ಯಾಸ್ ಒಲೆ ಉರಿಯುತ್ತಿರುತ್ತದೆ. ಕೊಳವೆಯಲ್ಲಿ ದ್ರಾಕ್ಷಿಯ ಒಂದು ಸಿಪ್ಪೆ ಸಿಕ್ಕಿಕೊಂಡರೆ ಸಾಕು, ಕುಕ್ಕರ್ ಸಿಡಿಯಬಹುದು. ಇಷ್ಟಾಗಿ ಸಿಗುವುದಾದರೂ ಎಷ್ಟು? ಅಮ್ಮನ ವೈನಿನಲ್ಲಿ ಆಲ್ಕೋಹಾಲ್ ನೂರಕ್ಕೆ ಹತ್ತು ಭಾಗವಿದೆ ಎಂದಿಟ್ಟುಕೊಂಡರೆ, ನಾಲ್ಕು ಲೀಟರಿನಲ್ಲಿರುವುದು 400 ಮಿ.ಲೀ. ಮಾತ್ರ. ಮೊದಲು ಮತ್ತು ಕೊನೆಗೆ ಇಳಿಯುವುದನ್ನು ಚೆಲ್ಲಿದ ಮೇಲೆ, ಅಂಗಡಿಯ ಬ್ರಾಂಡಿಯಷ್ಟು, ಅಂದರೆ ಶೇ. 42.8ರಷ್ಟು ಕಡುವಾದದ್ದು ಒಂದು ಬಾಟಲಿ ಸಿಕ್ಕರೆ ಹೆಚ್ಚು.

"ಮೊದಲು ಬಂದದ್ದನ್ನು ಚೆಲ್ಲಿದರೆ ವಿಷ ಹೋಯಿತು" ಎಂದು ಆ ವಿಡಿಯೊಗಳು ಧೈರ್ಯ ಹೇಳುತ್ತವೆ. ಅವು ವಿಷವೆನ್ನುವುದು ಮೆಥನಾಲ್ ಎಂಬ ಆಲ್ಕೋಹಾಲನ್ನು. ಅದು 64.7 ಡಿಗ್ರಿಯಲ್ಲಿ, ನಾವು ಕುಡಿಯುವ ಆಲ್ಕೋಹಾಲಾದ ಎಥನಾಲ್ 78 ಡಿಗ್ರಿಯ ಸುಮಾರಿಗೆ ಕುದಿಯುತ್ತದೆ ಎಂಬುದು ನಿಜ. ಆದರೆ ಎರಡೂ ನೀರಿನೊಂದಿಗೆ ಬೆರೆತಿರುವಾಗ ಅವು ಸರದಿಯಲ್ಲಿ ನಿಂತು ಒಂದಾದ ಮೇಲೊಂದು ಹೊರಗೆ ಬರುವುದಿಲ್ಲ. ಮೆಥನಾಲ್ ಕೊನೆಯವರೆಗೂ ಸ್ವಲ್ಪ ಸ್ವಲ್ಪವೇ ಇಳಿಯುತ್ತಿರುತ್ತದೆ. ಹಣ್ಣಿನಲ್ಲಿರುವ ಪೆಕ್ಟಿನ್ ಎಂಬ ಅಂಟಿನಿಂದ ಹುಟ್ಟುವ ಮೆಥನಾಲಿನ ಪ್ರಮಾಣ ಕಡಿಮೆ ಎಂಬುದನ್ನೂ ಹೇಳಬೇಕು. ನಮ್ಮೂರಿನಲ್ಲಿ ಜನರನ್ನು ಕೊಂದದ್ದು ಹಣ್ಣಿನ ಮೆಥನಾಲ್ ಅಲ್ಲ, ಕಳ್ಳಭಟ್ಟಿಯವರು ಬೆರೆಸಿದ ಕೈಗಾರಿಕೆಯ ಮೆಥನಾಲ್. 1981ರ ಜುಲೈನಲ್ಲಿ ಇದೇ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಮಂದಿ ಸತ್ತರು. 2008ರ ಮೇ ತಿಂಗಳಲ್ಲಿ ಬೆಂಗಳೂರು ಮತ್ತು ಕೋಲಾರದ ಕಡೆ ಅದೇ ಮರುಕಳಿಸಿತು. ಮೆಥನಾಲ್ ದೇಹದಲ್ಲಿ ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ಮೊದಲು ಕಣ್ಣಿನ ನರವನ್ನೇ ಹಿಡಿಯುವುದರಿಂದ, ಬದುಕಿದವರಲ್ಲೂ ದೃಷ್ಟಿ ಕಳೆದುಕೊಳ್ಳುವವರು ಇರುತ್ತಾರೆ. ಬಾಟಲಿಯಲ್ಲಿರುವುದು ಏನೆಂದು ಮೂಗು, ನಾಲಿಗೆ ಹೇಳಲಾರವು, ಪ್ರಯೋಗಾಲಯ ಮಾತ್ರ ಹೇಳಬಲ್ಲದು.

ಇನ್ನು ಕಾನೂನು. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದಷ್ಟೇ ಅಲ್ಲ, ತಯಾರಿಸಲೆಂದು ಭಟ್ಟಿಯ ಪಾತ್ರೆಯನ್ನು ಇಟ್ಟುಕೊಳ್ಳುವುದೂ ಅಪರಾಧ. ಅಕ್ಷರಕ್ಕೆ ಹೋದರೆ ಅಮ್ಮನ ಭರಣಿಯೂ ಅದರ ಹೊರಗಿಲ್ಲ, ಮತ್ತು ಹಬ್ಬದ ವೈನಿಗೆ ಒಂದು ಮಿತಿ ಹಾಕಿ ವಿನಾಯಿತಿ ಕೊಡಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಭಟ್ಟಿಗೆ ಮಾತ್ರ ಮನೆಯೊಳಗೆ ವಿನಾಯಿತಿ ಬೇಡ.

ಹಾಗೆಂದು ಹಣ್ಣಿನ ಬ್ರಾಂಡಿಯೇ ನಮಗೆ ಬೇಡವೆಂದು ನಾನು ಹೇಳುತ್ತಿಲ್ಲ. ಇಲ್ಲಿ ಬ್ರಾಂಡಿಯೆಂಬ ಹೆಸರಿನಲ್ಲಿ ಮಾರಾಟವಾಗುವುದರಲ್ಲಿ ಹೆಚ್ಚಿನ ಪಾಲು ಕಾಕಂಬಿಯ ಸ್ಪಿರಿಟ್. ಅತ್ತ ಸೋದರಮಾವನ ದ್ರಾಕ್ಷಿ ತೋಟವಿರುವ ದೊಡ್ಡಬಳ್ಳಾಪುರದ ಕಡೆ, ಕೊಯ್ಲಿಗೆ ಸರಿಯಾಗಿ ಮಳೆ ಹಿಡಿದರೆ ಗೊಂಚಲುಗಳು ಚಪ್ಪರದಲ್ಲೇ ಒಡೆದು ಸೋರುತ್ತವೆ, ವ್ಯಾಪಾರಿ ತೋಟದ ಗೇಟಿನಿಂದಲೇ ಹಿಂದಿರುಗುತ್ತಾನೆ. 2025ರ ಜೂನ್‌ನಲ್ಲಿ ತೋತಾಪುರಿಯ ಬೆಲೆ ನೆಲಕಚ್ಚಿ ಶ್ರೀನಿವಾಸಪುರದ ರೈತರು ಮಾವನ್ನು ರಸ್ತೆಗೆ ಸುರಿದದ್ದನ್ನು ನಾವೆಲ್ಲ ನೋಡಿದ್ದೇವೆ. ಒಡೆದ ದ್ರಾಕ್ಷಿಯನ್ನು, ಮಾಗಿ ಮೆತ್ತಗಾದ ಮಾವನ್ನು ಮಾರುಕಟ್ಟೆ ಮುಟ್ಟುವುದಿಲ್ಲ. ಭಟ್ಟಿಗೆ ಆ ತಕರಾರಿಲ್ಲ. ಅಲ್ಲಿಂದ ಇಳಿದದ್ದು ಶೀತಲ ಗೋದಾಮಿನ ಹಂಗಿಲ್ಲದೆ ವರ್ಷಗಟ್ಟಲೆ ಉಳಿಯುತ್ತದೆ.

ಹಂಗೇರಿಯ ಹಳ್ಳಿಗಳಲ್ಲಿ ಒಂದು ಪದ್ಧತಿಯಿದೆ. ರೈತ ತನ್ನ ಹಣ್ಣನ್ನು ಮನೆಯಲ್ಲಿ ಹುದುಗಿಸಿ, ಪರವಾನಗಿಯಿರುವ ಭಟ್ಟಿಗೆ ಒಯ್ದು, ಕೂಲಿ ಮತ್ತು ತೆರಿಗೆ ಕಟ್ಟಿ ತನ್ನದೇ ಪಾಲಿಂಕಾವನ್ನು, ಅಂದರೆ ಅಲ್ಲಿನ ಹಣ್ಣಿನ ಬ್ರಾಂಡಿಯನ್ನು, ಇಳಿಸಿಕೊಂಡು ಬರುತ್ತಾನೆ. ಕಡಲೆಕಾಯಿಯನ್ನು ಗಾಣಕ್ಕೆ ಒಯ್ದು ಎಣ್ಣೆ ತರುತ್ತಿದ್ದ ನಮಗೆ ಈ ವ್ಯವಸ್ಥೆ ಹೊಸದೇನಲ್ಲ. ಅಷ್ಟು ದೂರವೇಕೆ, ಪಕ್ಕದ ಗೋವಾದಲ್ಲಿ ಗೇರುಹಣ್ಣಿನ ಫೆನಿ ಕಾನೂನಿನ ಒಳಗೇ ಬದುಕಿ 2009ರಲ್ಲಿ ಭೌಗೋಳಿಕ ಸೂಚ್ಯಂಕದ (ಜಿಐ) ಮಾನ್ಯತೆಯನ್ನೂ ಪಡೆಯಿತು. ನಮ್ಮಲ್ಲಿ 2007ರಲ್ಲಿ ಒಂದು ಕೈಯಿಂದ ಸಾರಾಯಿ ನಿಷೇಧಿಸಿದ ಸರ್ಕಾರ, ಇನ್ನೊಂದು ಕೈಯಿಂದ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದಿತು. ಆ ನೀತಿಯನ್ನು ಹಣ್ಣಿನ ಬ್ರಾಂಡಿಯವರೆಗೆ ಒಂದು ಹೆಜ್ಜೆ ಮುಂದೊಯ್ಯಬೇಕು.

ನನ್ನ ಮನಸ್ಸಿನಲ್ಲಿರುವುದು ಇಷ್ಟು. ಹಣ್ಣು ಬೆಳೆಯುವ ತಾಲ್ಲೂಕಿಗೊಂದು ಸಹಕಾರಿ ಭಟ್ಟಿಯಿರಲಿ, ತಾಮ್ರದ ಹಂಡೆಗೆ ಅಬಕಾರಿಯವರ ಮೀಟರೂ ಮುದ್ರೆಯೂ ಇರಲಿ, ಪ್ರತಿ ಇಳುವರಿಯ ಮೆಥನಾಲ್ ಪರೀಕ್ಷೆಯಾಗದೆ ಒಂದು ಬಾಟಲಿಯೂ ಹೊರಗೆ ಹೋಗದಿರಲಿ. ಸಕ್ಕರೆ, ಬೆಲ್ಲ, ಸ್ಪಿರಿಟ್ ಬೆರೆಸಿದ್ದು ಸಿಕ್ಕರೆ ಪರವಾನಗಿ ರದ್ದಾಗಬೇಕು. ಕುಡಿತದಿಂದ ಹಾಳಾದ ಮನೆಗಳನ್ನು ನಾನೂ ಹತ್ತಿರದಿಂದ ಕಂಡಿದ್ದೇನೆ, ಆದ್ದರಿಂದ ಅಗ್ಗದ ಪ್ಯಾಕೆಟ್ಟಿನಲ್ಲಿ ಇದು ಎಂದೂ ಬರಕೂಡದು ಎಂಬುದನ್ನೂ ಸೇರಿಸುತ್ತೇನೆ. ಐದಾರು ಕಿಲೋ ದ್ರಾಕ್ಷಿಯಿಂದ ಒಂದು ಬಾಟಲಿ ಬರುವ ವಸ್ತು ಅಗ್ಗವಾಗಿರಲು ಸಾಧ್ಯವೂ ಇಲ್ಲ.

ಇದನ್ನೆಲ್ಲ ಮೊನ್ನೆ ಸೋದರಮಾವನಿಗೆ ಫೋನಿನಲ್ಲಿ ಹೇಳಿದೆ. ಅವರು ಲಾಭದ ಮಾತೆತ್ತಲಿಲ್ಲ. "ತೋಟದಿಂದ ಎಷ್ಟು ದೂರದಲ್ಲಿ ಇರ್ತದಪ್ಪ ಅದು? ಒಡೆದ ಹಣ್ಣು ಅರ್ಧ ದಿನದ ಮೇಲೆ ತಡೆಯೋದಿಲ್ಲ" ಎಂದಷ್ಟೇ ಕೇಳಿದರು.